ನಡುಕಟ್ಟೆಯ ಸುಣ್ಣ

ಆ ಬೆಳಿಗ್ಗೆ ನನ್ನ ಅಡಿಗೆಮನೆಯ ಗೋಡೆಯ ಮೇಲೆ ಓತಿಕ್ಯಾತ ಕೂತಿತ್ತು. ಸುಮ್ಮನೆ ಕೂತಿರಲಿಲ್ಲ, ಕತ್ತು ಕೆಂಪಗೆ ಮಾಡಿಕೊಂಡು ನನ್ನ ಕಡೆ ತಲೆ ಆಡಿಸಿತು. ನನ್ನ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. ನನ್ನ ಅಡಿಗೆಮನೆ ಇರುವುದು ತಂಪುಕೇರಿಯಲ್ಲಿ. ತಂಪುಕೇರಿಯಲ್ಲಿ ಓತಿಕ್ಯಾತ ಕಂಡವರು ನನಗೆ ತಿಳಿದಂತೆ ಬದುಕಿರುವವರಲ್ಲೂ ಇಲ್ಲ, ಸತ್ತವರಲ್ಲೂ ಇಲ್ಲ. ಆಮೇಲೆ ನಾನು ಮಾಡಿದ್ದೇನು? ಪೊರಕೆ ತೆಗೆದುಕೊಂಡು ಅದನ್ನು ಓಡಿಸಿದೆ, ಬಂದು ಒಗ್ಗರಣೆ ಮುಗಿಸಿದೆ. ಇವತ್ತಿಗೂ ಆ ಒಗ್ಗರಣೆ ನೆನಪಾದರೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ನಮ್ಮೂರನ್ನು ಕಾಣದವರಿಗೆ ಇದರಲ್ಲಿ ಬೆಚ್ಚಿಬೀಳುವಂಥದ್ದೇನಿದೆ ಎನ್ನಿಸಬಹುದು. ನನ್ನ ಮನೆ ಎರಡು ಕೇರಿಗಳು ಸೇರುವಲ್ಲಿ ಕೂತಿದೆ. ನಡುಮನೆ ಬಿಸಿಲುಕೇರಿಯದು, ಅಡಿಗೆಮನೆ ತಂಪುಕೇರಿಯದು. ನಡುಮನೆಯಲ್ಲಿ ಬೆಳಿಗ್ಗೆ ಸಂಡಿಗೆ ಇಟ್ಟರೆ ಊಟದ ಹೊತ್ತಿಗೆ ಒಣಗಿ ಗಲಗಲ ಎನ್ನುತ್ತದೆ. ಅಡಿಗೆಮನೆಯಲ್ಲಿ ಉಪ್ಪಿನ ಜಾಡಿ ವರ್ಷವಿಡೀ ಅಳುತ್ತಿರುತ್ತದೆ. ಸೂರ್ಯ ಎರಡು ಕೇರಿಗೂ ಒಬ್ಬನೇ. ತಂಪುಕೇರಿಗೆ ಅವನು ಬಾಗಿಲಲ್ಲೇ ನಿಂತು ಮಾತಾಡಿಸಿ ಹೋಗುವ ನೆಂಟ, ಬಿಸಿಲುಕೇರಿಗೆ ಚಾಪೆ ಹಾಸಿಕೊಂಡು ಮಲಗಿಬಿಟ್ಟ ನೆಂಟ. ನಡುವೆ ಗೋಡೆಯಿಲ್ಲ, ಬೇಲಿಯಿಲ್ಲ, ಇರುವುದು ಒಂದೇ ಹೆಜ್ಜೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಮೈಗೆ ಮಾತ್ರ ಗೊತ್ತಾಗುತ್ತದೆ. ಊರಲ್ಲಿ ಇನ್ನೂ ಎರಡು ಕೇರಿಗಳಿವೆ. ಅವುಗಳ ಗೋಳು ಬೇರೆ, ಇಲ್ಲಿ ಬೇಡ.

ಒಂದೇ ನಾಯಿಯ ಎರಡು ಮರಿಗಳನ್ನು ಆ ಕೇರಿಗೊಂದು ಈ ಕೇರಿಗೊಂದು ಕೊಟ್ಟು ನೋಡಿ. ವರ್ಷ ಕಳೆಯುವುದರೊಳಗೆ ಅವು ಒಡಹುಟ್ಟಿದವು ಎಂದರೆ ಯಾರೂ ನಂಬುವುದಿಲ್ಲ. ತಂಪುಕೇರಿಯದು ದುಂಡಗೆ, ಮೈತುಂಬ ಕೂದಲು, ಕಿವಿ ಹುಡುಕಬೇಕು. ಬಿಸಿಲುಕೇರಿಯದಕ್ಕೆ ಕಾಲು ಉದ್ದ, ಕಿವಿ ಮೊರದಗಲ, ಹೊಟ್ಟೆಯ ಮೇಲೆ ಕೂದಲೇ ಇಲ್ಲ, ಹಗಲೆಲ್ಲಾ ಗುಂಡಿ ತೋಡಿಕೊಂಡು ಮಲಗಿರುತ್ತದೆ. ನುಗ್ಗೆ ತಂಪುಕೇರಿಯಲ್ಲಿ ಬರೀ ಸೊಪ್ಪು ಬಿಡುತ್ತದೆ, ಕಾಯಿ ಕಾಣಬೇಕಾದರೆ ಬಿಸಿಲುಕೇರಿಗೇ ಬರಬೇಕು. ತಂಪುಕೇರಿಯಲ್ಲಿ ತಟ್ಟೆಯಷ್ಟಗಲ ಅರಳುವ ಸೇವಂತಿಗೆ ಬಿಸಿಲುಕೇರಿಯಲ್ಲಿ ಅಂಗಿಯ ಗುಂಡಿಯಷ್ಟಾಗುತ್ತದೆ, ವಾಸನೆ ಮಾತ್ರ ನಾಲ್ಕು ಮನೆಗೆ ಹೊಡೆಯುತ್ತದೆ. ಗೋಡೆಯ ಪಾಚಿ, ಬಾವಿಯ ಜರಿಗಿಡ, ಕಪ್ಪೆ ಎಲ್ಲಾ ತಂಪುಕೇರಿಯ ಆಸ್ತಿ. ಕಳ್ಳಿ, ಎಕ್ಕ, ಓತಿಕ್ಯಾತ ಬಿಸಿಲುಕೇರಿಯವು. ಕಾಗೆ ಮಾತ್ರ ಎರಡೂ ಕಡೆಯ ಎಡೆ ತಿನ್ನುತ್ತದೆ, ಅದಕ್ಕೆ ನಾಚಿಕೆಯಿಲ್ಲ. ಮನುಷ್ಯರೂ ಅಷ್ಟೇ. ತಂಪುಕೇರಿಯವರು ಉಂಡೆ, ಬಿಸಿಲುಕೇರಿಯವರು ಸಂಡಿಗೆ ಎಂದು ಮದುವೆ ಮನೆಗಳಲ್ಲಿ ಬೀಗರು ಹಾಸ್ಯ ಮಾಡುತ್ತಾರೆ.

ಈ ಉಂಡೆ ಸಂಡಿಗೆಗಳ ನಡುವೆ ಮದುವೆ ಆಗಬೇಕಾದರೆ ನಾನು ಬೇಕು. ನನ್ನ ಹೆಸರು ಚೆನ್ನಾಜಮ್ಮ. ನಮ್ಮ ಮನೆತನವನ್ನು ಹದದವರು ಎನ್ನುತ್ತಾರೆ. ತಂಪುಕೇರಿಯಲ್ಲಿ ಹುಟ್ಟಿದ ಮೈಗೆ ಬೆವರುವುದು ಗೊತ್ತಿಲ್ಲ. ಒಲೆಯ ಮುಂದೆ ದಿನವಿಡೀ ಕೂತರೂ ಹಣೆ ಒದ್ದೆಯಾಗುವುದಿಲ್ಲ. ಅಂಥ ಹುಡುಗಿಯನ್ನು ತಾಳಿ ಕಟ್ಟಿ ನೆಟ್ಟಗೆ ಬಿಸಿಲುಕೇರಿಗೆ ಕರೆದೊಯ್ದರೆ ಮೈಯ ಕಾವು ಹೊರಗೆ ಹೋಗಲು ದಾರಿ ಸಿಗದೆ ನಾಲ್ಕೇ ದಿನದಲ್ಲಿ ಹೆಣವಾಗುತ್ತಾಳೆ. ಅದಕ್ಕೇ ನನ್ನ ಮನೆಯ ಪಕ್ಕ ಉದ್ದಕ್ಕೆ ನಡುಕಟ್ಟೆ ಇದೆ, ಮೇಲೆ ಹುಲ್ಲಿನ ಚಪ್ಪರ. ಕಟ್ಟೆಯ ಕಲ್ಲಿನ ಮೇಲೆ ನನ್ನ ತಾತ ಕೊರೆಸಿದ ಏಳು ಗೆರೆಗಳಿವೆ. ಮೂರು ತಂಪಿನಲ್ಲಿ, ನಾಲ್ಕನೆಯದು ಎರಡೂ ಕೇರಿ ಮುಟ್ಟುವ ಹೆಜ್ಜೆಯ ಮೇಲೆ, ಉಳಿದ ಮೂರು ಬಿಸಿಲಿನಲ್ಲಿ. ಮದುಮಗಳನ್ನು ದಿನಕ್ಕೊಂದು ಗೆರೆಯಂತೆ ಏಳು ದಿನ ಕೂರಿಸಬೇಕು. ಐದನೆಯ ದಿನವೋ ಆರನೆಯ ದಿನವೋ ಹುಡುಗಿಯ ಮೇಲ್ತುಟಿಯ ಮೇಲೆ ಮೊದಲ ಬೆವರು ಮೂಡುತ್ತದೆ. ಆಗ ಹೆಂಗಸರೆಲ್ಲ ಸುತ್ತ ಸೇರಿ ಆ ಬೆವರನ್ನು ಬೆರಳಿಂದ ಮುಟ್ಟಿ ಕಣ್ಣಿಗೊತ್ತಿಕೊಂಡು, ಅವಳ ಬಾಯಿಗೆ ಬೆಲ್ಲ ಹಾಕಿ, "ಯಾರಮ್ಮಾ ನಿನ್ನ ಹದ ಮಾಡಿದ್ದು?" ಎಂದು ಕೇಳುತ್ತಾರೆ. ಹುಡುಗಿ ನನ್ನ ಹೆಸರು ಹೇಳಬೇಕು. ಹೇಳಿದ ಮೇಲೆ ಮೊದಲ ವೀಳ್ಯ ನನ್ನ ಕೈಗೆ. ಮೂವತ್ತು ವರ್ಷ ಎಲ್ಲರೂ ನನ್ನ ಹೆಸರನ್ನೇ ಹೇಳಿದ್ದಾರೆ.

ನನಗಿಂತ ಮುಂಚೆ ಈ ಕೆಲಸ ಅವ್ವನದು. ನಮ್ಮವ್ವ ಹೊಂಬಾಳಮ್ಮನಿಗೆ ಈಗ ಎಂಬತ್ತು ದಾಟಿದೆ, ಕಣ್ಣು ಮಂಜು. ತಂಪುಕೇರಿಯ ಹದಿನೆಂಟನೇ ಮನೆಯಲ್ಲಿ ನನ್ನ ತಮ್ಮ ಮಾಯಣ್ಣನ ಜೊತೆ ಇದ್ದಾಳೆ. ಅವ್ವನಿಗೆ ಗೆರೆಗಳ ಮೇಲೆ ನಂಬಿಕೆಯಿಲ್ಲ. ಅವಳ ನಂಬಿಕೆ ಬಸವನಹುಳುವಿನ ಮೇಲೆ. ತಂಪಿನ ಕಡೆ ಕಟ್ಟೆಯ ಮೇಲೆ ಬಸವನಹುಳುಗಳು ಬೆಳಗಿನ ಹೊತ್ತು ಹರಿದು ಬಂದು ನಾಲ್ಕನೆಯ ಗೆರೆಯ ಹತ್ತಿರ ನಿಲ್ಲುತ್ತಿದ್ದವು, ಒಂದು ಬೆರಳೂ ಮುಂದೆ ಹೋಗುತ್ತಿರಲಿಲ್ಲ. ಹೋದರೆ ಒಣಗಿ ಸಾಯುತ್ತವೆ ಎಂದು ಅವಕ್ಕೆ ಗೊತ್ತು. ಅವ್ವ ದಿನಾ ಬೆಳಿಗ್ಗೆ ಮಂಡಿಯೂರಿ ಹುಳು ಎಲ್ಲಿ ನಿಂತಿವೆ ಎಂದು ಮುಟ್ಟಿ ನೋಡಿಯೇ ಮದುಮಗಳನ್ನು ಕೂರಿಸುತ್ತಿದ್ದದ್ದು. "ಕಲ್ಲು ಕೂರಿಸಿದಲ್ಲಿ ಕೂತಿರ್ತದೆ ಚೆನ್ನಾಜಿ, ಅದಕ್ಕೇನು ಗೊತ್ತು? ಹುಳ ನೋಡು," ಎನ್ನುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ. ತಾತ ಕೊರೆಸಿದ ಗೆರೆ ಇರುವಾಗ ಹುಳು ಯಾಕೆ ಮುಟ್ಟಬೇಕು ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ನಕ್ಕು ಸುಮ್ಮನಿದ್ದರೆ ಚೆನ್ನಾಗಿತ್ತು. ಎರಡು ವರ್ಷದ ಹಿಂದೆ ಒಂದು ಬೀಗಿತ್ತಿಯ ರೇಷ್ಮೆ ಸೀರೆಗೆ ಹುಳುವಿನ ಲೋಳೆ ಮೆತ್ತಿಕೊಂಡಿತು. ಆಕೆ ನಾಲ್ಕು ಜನರೆದುರು "ಹದದವರ ಕಟ್ಟೇನೋ, ಹುಳದ ಹುತ್ತಾನೋ?" ಎಂದುಬಿಟ್ಟಳು. ನನಗೆ ಮಾನ ಹೋದ ಹಾಗಾಯಿತು. ಮರುದಿನವೇ ಒಂದು ಮಂಕರಿ ಸುಣ್ಣದ ಪುಡಿ ತರಿಸಿ ಕಟ್ಟೆಯ ಸುತ್ತ ಚೆಲ್ಲಿದೆ. ಕೆಲವು ಹುಳು ನೊರೆ ಕಾರಿ ಸತ್ತವು, ಉಳಿದವು ಹಿಂದೆ ಸರಿದುಹೋದವು. ಕಟ್ಟೆ ಬೆಳ್ಳಗೆ ಬೆಳಗಿತು. ಎಲ್ಲರೂ ಹೊಗಳಿದರು. ಅಂದಿನಿಂದ ತಿಂಗಳಿಗೊಮ್ಮೆ ಸುಣ್ಣ ಹಾಕುತ್ತಾ ಬಂದೆ. ಅವ್ವನನ್ನು ನೋಡಲು ಹೋದಾಗಲೆಲ್ಲ ಅವಳು ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ಹುಳ ಎಲ್ಲಿವೆ?"

"ಇದ್ದಲ್ಲೇ ಇವೆ ಕಣವ್ವ."

ಸುಳ್ಳು ಎಂದೂ ನನಗೆ ಅನ್ನಿಸಲಿಲ್ಲ. ಮುದುಕಿಯ ಸಮಾಧಾನಕ್ಕೆ ಹೇಳುವ ಮಾತಿಗೆ ಯಾರು ಸುಳ್ಳು ಎನ್ನುತ್ತಾರೆ?

ಈ ಸಲ ಕಟ್ಟೆಯ ಮೇಲೆ ಕೂರಬೇಕಾದವಳು ನೀಲವೇಣಿ, ಮಾಯಣ್ಣನ ಒಬ್ಬಳೇ ಮಗಳು, ನನ್ನ ಸೋದರಸೊಸೆ. ಹೆಣ್ಣುಮಕ್ಕಳಿಲ್ಲದ ನಾನು ಅವಳನ್ನು ಎತ್ತಿ ಆಡಿಸಿದ್ದೇನೆ, ಹೇನು ಹೆಕ್ಕಿದ್ದೇನೆ, ಅವಳ ಮೊದಲ ಜಡೆ ಹೆಣೆದವಳು ನಾನು. ಗಂಡು ಬಿಸಿಲುಕೇರಿಯ ಉಮಾಪತಿ, ಸಂಡಿಗೆಯಲ್ಲೂ ತೆಳ್ಳನೆಯ ಸಂಡಿಗೆ, ಮಾತು ಕಡಿಮೆ, ಒಳ್ಳೆಯವನು. ನಮ್ಮ ಹುಡುಗಿ ಎಂದು ಕಟ್ಟೆಗೆ ಎರಡು ಮಂಕರಿ ಸುಣ್ಣ ಹೆಚ್ಚಾಗಿಯೇ ಹಾಕಿಸಿದೆ. ಓತಿಕ್ಯಾತ ಕಂಡದ್ದು ಅದರ ಮರುದಿನ. ಅದೇ ವಾರ ಅಡಿಗೆಮನೆಯಲ್ಲಿ ಬೆಂಕಿಕಡ್ಡಿ ಒಂದೇ ಗೀರಿಗೆ ಹತ್ತಿತ್ತು. ಉಪ್ಪಿನ ಜಾಡಿ ಅಳುವುದನ್ನು ನಿಲ್ಲಿಸಿತ್ತು. ಮದುವೆಯ ಮನೆಗೆ ಎಲ್ಲವೂ ಶುಭವಾಗುತ್ತಿದೆ ಎಂದು ಹಿಗ್ಗಿದೆನೇ ಹೊರತು, ಎರಡು ಕೇರಿಯ ಗಾಳಿಯನ್ನೂ ಹೀರಿ ಹೀರಿ ಜಡ್ಡುಗಟ್ಟಿದ ನನ್ನ ಚರ್ಮಕ್ಕೆ ಏನೂ ತಿಳಿಯಲಿಲ್ಲ. ತಂಪುಕೇರಿಯ ಕಡೆ ನನ್ನ ಮನೆಯ ಪಕ್ಕದಲ್ಲಿ ಇರುವುದು ಮಂಡಕ್ಕಿ ಭಟ್ಟಿ. ಅಲ್ಲಿಯ ಕೆಲಸದವರು ಬಿಸಿಲುಕೇರಿಯಿಂದ ಬಂದುಹೋಗುವವರು, ಅಲ್ಲಿ ಸೆಕೆ ಯಾವಾಗ ಇರಲಿಲ್ಲ?

ಮೊದಲ ದಿನ ಮೊದಲ ಗೆರೆಯ ಮೇಲೆ ಚಾಪೆ ಹಾಸಿ ನೀಲವೇಣಿಯನ್ನು ಕೂರಿಸಿದೆ. ಮಧ್ಯಾಹ್ನದ ಹೊತ್ತಿಗೆ ಅವಳ ಕೆನ್ನೆ ಕೆಂಪಾಗಿತ್ತು.

"ಅತ್ತೆ, ಸ್ವಲ್ಪ ಸೆಕೆ ಅನ್ನಿಸ್ತಿದೆ."

"ಮೊದಲನೇ ಗೆರೇಲೇ ಸೆಕೇನಾ? ಮದುವೆ ಕಾವು ಕಣೇ ಅದು," ಎಂದು ಛೇಡಿಸಿದೆ. ಸುತ್ತಲಿದ್ದ ಗಂಡಿನ ಕಡೆಯ ಹೆಂಗಸರೆಲ್ಲ ನಕ್ಕರು. ಅವಳೂ ನಕ್ಕಳು.

ಎರಡನೆಯ ದಿನ ಅವಳು ಊಟ ಬಿಟ್ಟಳು. ತಲೆನೋವು ಎಂದಳು. ಯಾವ ಹುಡುಗಿಗೆ ತಲೆನೋವು ಬರುವುದಿಲ್ಲ? ನಾನು ಹದ ಮಾಡಿದವರಲ್ಲಿ ಅತ್ತವರಿದ್ದಾರೆ, ಎದ್ದು ಓಡಿದವರಿದ್ದಾರೆ, ನನ್ನ ಕೈ ಕಚ್ಚಿದವರೂ ಇದ್ದಾರೆ. ತಡೆದುಕೋ ಎನ್ನುವುದೇ ನನ್ನ ಕಸುಬು. ನೀಲವೇಣಿಯಂತೂ ಹದದವರ ಮನೆಯ ಹುಡುಗಿ, ಅತ್ತೆಯ ಮರ್ಯಾದೆ ಕಾಯಬೇಕೆಂದು ಹಲ್ಲು ಕಚ್ಚಿ ಕೂತಿದ್ದಳು. ಅದು ನನಗೆ ಹೆಮ್ಮೆಯಾಗಿತ್ತು. ಅಂದು ಸಂಜೆ ಅವಳನ್ನು ಮನೆಗೆ ಬಿಡಲು ಹೋದಾಗ ಅವ್ವ ಕೇಳಿದಳು, ಹುಳ ಎಲ್ಲಿವೆ ಎಂದು. ಇದ್ದಲ್ಲೇ ಇವೆ ಎಂದೆ.

ಮೂರನೆಯ ದಿನ ಮಧ್ಯಾಹ್ನ ತಂಪುಕೇರಿಯ ಕೊನೆಯ ಊಟ ಅಜ್ಜಿಯ ಕೈಯಿಂದಲೇ ಆಗಬೇಕು, ಅದು ಪದ್ಧತಿ. ಅವ್ವ ಮಾಯಣ್ಣನ ಹೆಗಲು ಹಿಡಿದು ಮೆಣಸಿನ ಸಾರಿನ ಪಾತ್ರೆಯೊಡನೆ ಬರುತ್ತಿರುವುದು ಕಂಡಿತು. ಉಮಾಪತಿ ಗಂಡಿನ ಕಡೆಯ ಪದ್ಧತಿಯಂತೆ ದೂರ ಬೇವಿನ ಮರದ ಕೆಳಗೆ ನಿಂತಿದ್ದ. ನಾನು ನೀಲವೇಣಿಗೆ ಎಲೆ ಹಾಕುತ್ತಾ, "ಏಳೇ, ಕೈ ತೊಳ್ಕೋ, ಅಜ್ಜಿ ಬಂದ್ರು," ಎಂದೆ. ಅವಳು ನನ್ನನ್ನು ನೋಡಿದಳು. ನೋಡಿ, "ನೀವು ಯಾರು?" ಎಂದಳು.

ತಮಾಷೆ ಎಂದುಕೊಂಡೆ. ಗಲ್ಲ ಹಿಂಡಲು ಕೈ ಚಾಚಿದೆ. ಕೈ ಕಾವಲಿಗೆ ತಾಗಿದಂತಾಗಿ ಹಿಂದಕ್ಕೆ ಎಳೆದುಕೊಂಡೆ. ಮೈಯಲ್ಲಿ ಒಂದು ಹನಿ ತೇವವಿಲ್ಲ. ತುಟಿ ಬಿರಿದಿತ್ತು. ಅವಳು ಗೋಡೆಗೆ ಒರಗಿದಂತೆ ಗಾಳಿಗೆ ಒರಗಿ ಹಾಗೇ ಪಕ್ಕಕ್ಕೆ ಉರುಳಿದಳು.

ಮೂವತ್ತು ವರ್ಷದಲ್ಲಿ ಇಂಥದ್ದನ್ನು ನಾನು ಕಂಡಿರಲಿಲ್ಲ. ಮೂರನೆಯ ಗೆರೆಯಲ್ಲಿ, ಇನ್ನೂ ತಂಪಿನಲ್ಲಿ ಇರುವಾಗ, ಹೀಗಾಗುವುದು ಸಾಧ್ಯವೇ ಇಲ್ಲ. ಉಮಾಪತಿ ಪದ್ಧತಿ ಗಿದ್ಧತಿ ಎನ್ನದೆ ಓಡಿಬಂದು ಅವಳನ್ನು ಎತ್ತಿಕೊಂಡ.

"ತಂಪಿಗೆ! ಅಡಿಗೆಮನೆಗೆ ತನ್ನಿ!" ಎಂದು ಕೂಗಿದೆ.

ಅಡಿಗೆಮನೆಯ ನೆಲದ ಮೇಲೆ ಮಲಗಿಸಿದೆವು. ಕೊಡದ ನೀರು ಸುರಿದೆ. ಸುರಿದ ನೀರು ಅವಳ ಮೈಮೇಲೆ ನೋಡನೋಡುತ್ತಿದ್ದಂತೆ ಆರಿತು, ನೆಲದ ಮೇಲೂ ಆರಿತು. ಅಡಿಗೆಮನೆಯ ನೆಲ ನಾನು ಬಲ್ಲಂತೆ ಎಂದೂ ಆರಿದ್ದಿಲ್ಲ. ತಲೆಯೆತ್ತಿ ನೋಡಿದರೆ ಗೂಡಿನಲ್ಲಿದ್ದ ತುಪ್ಪದ ಗಿಂಡಿ. ಹುಟ್ಟಿದಾಗಿನಿಂದ ಚಾಕುವಿನಲ್ಲಿ ಕೆತ್ತಿ ತಿಂದ ತುಪ್ಪ ಎಣ್ಣೆಯಂತೆ ಕರಗಿ ಅಲುಗಾಡುತ್ತಿತ್ತು. ಹಿಂದಿನ ಗೋಡೆಯ ಪಾಚಿ ಒಣಗಿ ಹಪ್ಪಳದಂತೆ ಎದ್ದಿತ್ತು. ಅದರ ಮೇಲೆ ಅದೇ ಓತಿಕ್ಯಾತ ಕೂತು ತಲೆ ಆಡಿಸುತ್ತಿತ್ತು.

ಅವ್ವ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಕಣ್ಣು ಮಂಜು, ಮೈ ಮಂಜಲ್ಲ.

"ಚೆನ್ನಾಜಿ, ಇದು ನಿನ್ನ ಅಡಿಗೆಮನೇನಾ?"

"ಹೂಂ ಅವ್ವ."

"ಹುಳ ಎಲ್ಲಿ?"

ಹತ್ತಿರ ಹೋಗಿ ಅವಳ ಕಿವಿಯಲ್ಲಿ ಹೇಳಿದೆ. "ಇಲ್ಲ ಅವ್ವ. ಎರಡು ವರ್ಷ ಆಯ್ತು. ಸುಣ್ಣ ಹಾಕ್ದೆ."

ಅವ್ವ ಬೈಯಲಿಲ್ಲ. ಕೆನ್ನೆಗೆ ಹೊಡೆದಿದ್ದರೆ ಸುಖವಾಗಿರುತ್ತಿತ್ತು. ಅವಳು ಸಾರಿನ ಪಾತ್ರೆ ಕೆಳಗಿಟ್ಟು, ಸೀರೆ ಎತ್ತಿ ಕಟ್ಟಿ, ಎಂಬತ್ತರ ಮಂಡಿಗಳನ್ನು ನೆಲಕ್ಕೂರಿ, ತಂಪುಕೇರಿಯ ಕಡೆಗೆ ಅಂಬೆಗಾಲಿಡತೊಡಗಿದಳು. ಅಂಗೈಯಿಂದ ಮಣ್ಣು ಮುಟ್ಟುತ್ತಾ, ಗೋಡೆಗಳ ಬುಡ ಸವರುತ್ತಾ ಹೋದಳು. ಅವಳ ಹಿಂದೆ ನಾನು. ನನ್ನ ಹಿಂದೆ ಹುಡುಗಿಯನ್ನು ಎತ್ತಿಕೊಂಡ ಉಮಾಪತಿ, ಅವಳ ತಲೆ ಹಿಡಿದುಕೊಂಡ ಮಾಯಣ್ಣ. ನಾನು ದಾರಿಯುದ್ದಕ್ಕೂ "ಸಿಕ್ತಾ ಅವ್ವ, ಸಿಕ್ತಾ" ಎಂದು ಕೇಳುತ್ತಲೇ ಇದ್ದೆ. ಭಟ್ಟಿ ದಾಟಿದೆವು. ಒಂದನೇ ಮನೆ ದಾಟಿದೆವು. ಬೇಲಿಯ ಜರಿಗಿಡಗಳು ಕಂದಿ ಮುದುಡಿದ್ದವು. ಎರಡನೇ ಮನೆಯ ಉಂಡೆಯಂಥ ನಾಯಿ ಅಂಗಳದಲ್ಲಿ ಗುಂಡಿ ತೋಡುತ್ತಿತ್ತು. ಬಿಸಿಲುಕೇರಿಯ ನಾಯಿಗಳು ಮಾಡುವ ಕೆಲಸವನ್ನು ಅದಕ್ಕೆ ಯಾರು ಕಲಿಸಿದರು? ಏದುಸಿರು ಬಿಡುತ್ತಾ, ಕೂದಲುಗಾಲಿನಿಂದ ಕೆರೆಯುತ್ತಲೇ ಇತ್ತು. ಅದನ್ನು ನೋಡಿ ಮಾಯಣ್ಣ, "ಅಕ್ಕಾ, ಏನಿದು?" ಎಂದ. ನಾನು ಅವ್ವನ ಹಿಂದೆ ನಡೆದೆ.

ಮೂರನೇ ಮನೆಯ ಅತ್ತ ಗೋಡೆಯ ಬುಡದಲ್ಲಿ ಅವ್ವನ ಕೈ ನಿಂತಿತು.

"ಇಲ್ಲಿವೆ," ಎಂದಳು. "ಇಲ್ಲಿ ಮಲಗಿಸ್ರಪ್ಪ."

ನಾಲ್ವತ್ತು ಹೆಜ್ಜೆಯಾಗಿತ್ತು. ತಾತನ ನಾಲ್ಕನೆಯ ಗೆರೆ ಇದ್ದಲ್ಲೇ ಇತ್ತು, ಕೇರಿ ನಾಲ್ವತ್ತು ಹೆಜ್ಜೆ ಹಿಂದೆ ಹೋಗಿತ್ತು. ನಾನು ನನ್ನ ಕೈಯಾರೆ ಎತ್ತಿ ಆಡಿಸಿದ ಹುಡುಗಿಯನ್ನು ಮೊದಲ ದಿನವೇ ನಟ್ಟನಡು ಬಿಸಿಲುಕೇರಿಯಲ್ಲಿ ಕೂರಿಸಿ, ಸೆಕೆ ಎಂದಾಗ ಹಾಸ್ಯ ಮಾಡಿದ್ದೆ. ಬೇಲಿಯೇ ಎದ್ದು ಹೊಲ ಮೇಯ್ದದ್ದು ಎಂದರೆ ಇದೇ. ಎಚ್ಚರಿಸಲು ಇದ್ದದ್ದು ಆ ಹುಳುಗಳು, ಅವುಗಳನ್ನೇ ಓಡಿಸಿದ್ದೆ.

ಒದ್ದೆ ಬಟ್ಟೆಯಲ್ಲಿ ಅವಳ ಮೈ ಒರೆಸುತ್ತಾ ಕೂತೆವು. ಇಲ್ಲಿ ಬಟ್ಟೆ ಒದ್ದೆಯಾಗಿಯೇ ಉಳಿಯಿತು. ಅವಳು ಏನೇನೋ ಬಡಬಡಿಸುತ್ತಿದ್ದಳು. ಉಮಾಪತಿ ಅವಳ ಪಾದ ಹಿಡಿದುಕೊಂಡು, "ಅಕ್ಕಾರೇ, ಉಳೀತಾಳಾ?" ಎಂದು ನನ್ನನ್ನೇ ಕೇಳಿದ. ಹದದವರು ನಾವಲ್ಲವೇ, ನನ್ನನ್ನು ಬಿಟ್ಟು ಇನ್ಯಾರನ್ನು ಕೇಳುತ್ತಾನೆ? ಗೊತ್ತಿಲ್ಲ ಎಂದೆ. ನನ್ನ ಜೀವಮಾನದಲ್ಲಿ ಆ ಕಟ್ಟೆಯ ವಿಷಯದಲ್ಲಿ ಗೊತ್ತಿಲ್ಲ ಎಂದದ್ದು ಅದೇ ಮೊದಲು. ಹೊತ್ತು ಇಳಿಯುವಾಗ ನೀಲವೇಣಿ ಕಣ್ಣು ಬಿಟ್ಟಳು. ನನ್ನನ್ನು ನೋಡಿ, "ಅತ್ತೆ, ಬಾಯಾರಿಕೆ," ಎಂದಳು. ಅತ್ತೆ ಎಂದ ಆ ಒಂದು ಮಾತಿಗೆ ನಾನು ಬೀದಿಯಲ್ಲಿ ಕೂತು ಗೊಳೋ ಎಂದು ಅತ್ತೆ.

ಮರುದಿನ ಬೆಳಿಗ್ಗೆ ನಾನೂ ಅವ್ವನೂ ಮಂಡಿಯೂರಿ ನೋಡಿದೆವು. ಹುಳುಗಳು ನಾಲ್ಕನೇ ಮನೆಯ ಗೋಡೆಯಲ್ಲಿದ್ದವು. ಅದರ ಮರುದಿನ ಐದನೆಯದರಲ್ಲಿ. ಎರಡು ವರ್ಷ ನಾನು ನೋಡದೆ ಇದ್ದಾಗ ಮೆಲ್ಲಗೆ ಜರುಗಿದ್ದ ಗೆರೆ ಈಗ ನಡೆಯಲು ಕಲಿತಿತ್ತು. ಕೇರಿಯಲ್ಲಿ ಸುದ್ದಿ ಹಬ್ಬಿತು. ಜನ ಬಾಗಿಲಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ತಂಪುಕೇರಿಯ ಇಪ್ಪತ್ತೊಂದು ಮನೆಗಳಲ್ಲಿ ಮೊದಲ ಮೂರು ಮನೆಯವರನ್ನು ಎರಡು ವರ್ಷದಲ್ಲಿ ಗೆರೆಯೇ ಅವರಿಗೂ ತಿಳಿಯದಂತೆ ಹದ ಮಾಡಿತ್ತು, ಉಳಿದವರಿಗೆ ಬೆವರೆಂದರೇನೆಂದೇ ಗೊತ್ತಿಲ್ಲ. ಕೂರಿಸಲು ಇರುವುದು ಒಂದು ಕಟ್ಟೆ, ಅದೂ ಈಗ ಬಿಸಿಲುಕೇರಿಯ ಹೊಟ್ಟೆಯೊಳಗೆ. ಕೆಲವರು ನನ್ನ ಹತ್ತಿರ ಬಂದು ಇದು ನಿಲ್ಲುವುದು ಎಲ್ಲಿ ಎಂದು ಕೇಳಿದರು. ಕೆಲವರು ಕೇಳಲು ಹೆದರಿ ಹಾಗೇ ಹೋದರು. ನೀಲವೇಣಿಯನ್ನು ಹದಿನೆಂಟನೇ ಮನೆಗೆ, ಅವಳ ಅಪ್ಪನ ಮನೆಗೆ ಒಯ್ದು ಬಾಗಿಲು ಹಾಕಿಬಿಡೋಣ, ಮದುವೆಯೂ ಬೇಡ ಏನೂ ಬೇಡ ಎಂದೆ.

ಅವ್ವ ಒಪ್ಪಲಿಲ್ಲ. "ಬಾಗಿಲು ಹಾಕಿದ್ರೆ ಗೆರೆ ಹೊರಗೆ ನಿಲ್ತದಾ? ಈ ಸಲ ಹುಡುಗಿ ನಡೆಯೋದು ಬೇಡ. ಒಂಬತ್ತನೇ ಮನೆ ಜಗಲೀಲಿ ಕೂರಿಸು. ಅದೇ ನಡ್ಕೊಂಡು ಬರ್ತದೆ, ಬರಲಿ. ಅವಳೊಬ್ಬಳನ್ನೇ ಅಲ್ಲ, ನಾಕನೇ ಮನೆಯಿಂದ ಎಲ್ಲಾರನ್ನೂ ಅವರವರ ಜಗಲೀಲಿ ಕೂರಿಸು. ಮೈಯಲ್ಲಿ ಬಲ ಇಲ್ಲದ ಮುದುಕರನ್ನ ಮಾತ್ರ ಮುಂದಿನ ಮನೆಗಳಿಗೆ ಕಳಿಸು."

ಹಾಗೇ ಮಾಡಿದೆವು. ತಂಪುಕೇರಿಯ ಜಗಲಿಗಳಲ್ಲಿ ಮದುಮಕ್ಕಳಲ್ಲದವರೆಲ್ಲ ಮದುಮಕ್ಕಳ ಹಾಗೆ ಚಾಪೆ ಹಾಸಿ ಕೂತರು. ಮೀಸೆ ಹೊತ್ತ ಗಂಡಸರು ಕೂಡ ಕೂತರು, ಅದನ್ನು ನೋಡಿ ನಗಬೇಕಾದ ಹೆಂಗಸರೂ ನಗಲಿಲ್ಲ. ನಾನು ದಿನಾ ಬೆಳಿಗ್ಗೆ ಹುಳು ಮುಟ್ಟಿ, ಯಾವ ಮನೆ ಎಂದು ಕೂಗಿ ಹೇಳುತ್ತಾ ಹೋಗುತ್ತಿದ್ದೆ. ಆಯಾ ಮನೆಯವರು ಮೆಣಸಿನ ಸಾರು ಬಿಟ್ಟು ಮಜ್ಜಿಗೆ ಹಿಡಿಯುತ್ತಿದ್ದರು. ಉಮಾಪತಿ ಬಿಸಿಲುಕೇರಿಯಿಂದ ಬಂದು ಒಂಬತ್ತನೇ ಮನೆಯ ಮುಂದೆ ಹೊಂಗೆಯ ಸೊಪ್ಪಿನ ಚಪ್ಪರ ಹಾಕಿದ. ನೀಲವೇಣಿ ಸುಮ್ಮನೆ ಕೂತಿರುತ್ತಿದ್ದಳು. ನಾನು ತಲೆ ಬಾಚಲು ಹೋದರೆ ಬಾಚಿಸಿಕೊಳ್ಳುತ್ತಿದ್ದಳು, "ಅತ್ತೆ, ನಾನು ಸೆಕೆ ಅಂದಿದ್ದೆ ಅಲ್ವಾ?" ಎಂದು ಒಮ್ಮೆ ಕೇಳಿದಳು. "ಅಂದಿದ್ದೆ," ಎಂದೆ. ಸುಣ್ಣದ ಮಾತು ಆಗಲೂ ಹೇಳದೆ ಜಡೆ ಹೆಣೆದು ಮುಗಿಸಿದೆ. ಅವ್ವ ಯಾರಿಗೂ ಹೇಳಿರಲಿಲ್ಲ. ಹೇಳುವುದು ನನ್ನ ಪಾಲಿನದು ಎಂದು ಬಿಟ್ಟಿದ್ದಳೋ ಏನೋ.

ಆರು ದಿನ ಕಳೆಯಿತು. ಗೆರೆ ಐದು, ಆರು, ಏಳು, ಎಂಟನ್ನು ದಾಟಿತು. ಹುಳುಗಳು ಒಂಬತ್ತನೇ ಮನೆಯ ಗೋಡೆಗೆ ಬಂದವು. ಎಷ್ಟಿದ್ದವು ಎನ್ನುತ್ತೀರಿ? ಹಿಂದಿನ ಅಷ್ಟೂ ಗೋಡೆಗಳ ಹುಳುಗಳು ಒಂದೇ ಗೋಡೆಗೆ ಸೇರಿದ್ದವು. ಇಟ್ಟಿಗೆ ಕಾಣುತ್ತಿರಲಿಲ್ಲ. ಒಂದರ ಚಿಪ್ಪಿನ ಮೇಲೆ ಇನ್ನೊಂದು, ಕೊಂಬು ಒಳಗೆಳೆದುಕೊಂಡು ಅಂಟಿ ಕೂತಿದ್ದವು. ಹಿಂದೆ ಉಳಿದವು ದಾರಿಯುದ್ದಕ್ಕೂ ಖಾಲಿ ಚಿಪ್ಪಾಗಿ ಕಾಲಿಗೆ ಸಿಕ್ಕಿ ಪುಡಿಯಾಗುತ್ತಿದ್ದವು. ಮನುಷ್ಯರಿಗೆ ಜಗಲಿ ಉಂಟು, ಮಜ್ಜಿಗೆ ಉಂಟು, ಹದದವರು ಉಂಟು. ಹುಳುವಿಗೆ ಬೆವರು ಬರಿಸುವುದು ನಮ್ಮ ಮನೆತನದ ಯಾರಿಗೂ ಗೊತ್ತಿಲ್ಲ.

ಅಂದು ಮಧ್ಯಾಹ್ನ ನೀಲವೇಣಿ ಮೇಲ್ತುಟಿ ಮುಟ್ಟಿಕೊಂಡು ಬೆರಳು ನೋಡಿಕೊಂಡಳು. "ಅಜ್ಜೀ," ಎಂದಳು, "ಇದೇನಾ?"

ಇದೇ ಆಗಿತ್ತು. ತುಟಿಯ ಮೇಲೆ ಸಾಸಿವೆ ಕಾಳಿನಷ್ಟು ನಾಲ್ಕು ಹನಿ, ಆಮೇಲೆ ಹಣೆಯ ಮೇಲೆ, ಆಮೇಲೆ ಕತ್ತಿನ ಮಡಿಕೆಯಲ್ಲಿ. ಹುಡುಗಿ ಉಳಿದಳು. ಹೆಂಗಸರು ಸೆರಗು ಸಿಕ್ಕಿಸಿಕೊಂಡು ಓಡಿಬಂದರು. ಅವರ ಮುಖಗಳೂ ತೇವವಾಗಿದ್ದವು, ಅವರಿಗೆ ಬೆಲ್ಲ ಹಾಕುವವರು ಮಾತ್ರ ಇರಲಿಲ್ಲ. ಒಬ್ಬೊಬ್ಬರಾಗಿ ಅವಳ ಬೆವರು ಮುಟ್ಟಿ ಕಣ್ಣಿಗೊತ್ತಿಕೊಂಡರು. ನಾನು ಬೆಲ್ಲ ಹಿಡಿದುಕೊಂಡು ಹಿಂದೆ ನಿಂತಿದ್ದೆ. ಅವ್ವನ ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಸುಣ್ಣ ಹಚ್ಚಿ ಅಡಿಕೆ ಇಟ್ಟ ವೀಳ್ಯದೆಲೆ.

"ಯಾರಮ್ಮಾ ನಿನ್ನ ಹದ ಮಾಡಿದ್ದು?" ಎಂದು ಹೆಂಗಸರು ಕೇಳಿದರು.

ನೀಲವೇಣಿ ನನ್ನ ಕಡೆ ತಿರುಗಿ ಬಾಯಿ ತೆರೆದಳು.

"ತಾಳು," ಎಂದೆ. "ನನ್ನ ಹೆಸರು ಹೇಳಬೇಡ ಮಗಾ. ಕಟ್ಟೆ ಮೇಲಿದ್ದ ಹುಳಗಳನ್ನ ಸುಣ್ಣ ಹಾಕಿ ಓಡಿಸಿದ್ದು ನಾನು. ಎರಡು ವರ್ಷ ಆಯ್ತು. ಅವು ಇದ್ದಿದ್ರೆ ಗೆರೆ ಸರಿದದ್ದು ಅವತ್ತೇ ಗೊತ್ತಾಗೋದು. ನೀನು ಸೆಕೆ ಅಂದಾಗ ನಾನು ನಕ್ಕೆ. ಅಜ್ಜಿ ಕೇಳ್ದಾಗ ಸುಳ್ಳು ಹೇಳ್ದೆ. ನಿನ್ನ ಸಾಯಿಸ್ತಿದ್ದೆ ನಾನು."

ಮಾಯಣ್ಣ ನನ್ನನ್ನೇ ನೋಡುತ್ತಿದ್ದವನು ಮುಖ ತಿರುಗಿಸಿಕೊಂಡ. ಅದೊಂದು ನೋಟ ನನಗೆ ಈಗಲೂ ಚುಚ್ಚುತ್ತದೆ. ನೀಲವೇಣಿಯ ಹಣೆಯ ಬೆವರು ಕೆನ್ನೆಗೆ ಇಳಿದು, ಕಣ್ಣೀರಿನ ಜೊತೆ ಸೇರಿ, ಯಾವುದು ಯಾವುದೆಂದು ತಿಳಿಯದಂತಾಯಿತು. ಅವಳು ನನ್ನ ಮುಖ ನೋಡಿದಳು. ಆಮೇಲೆ ಪಕ್ಕದ ಗೋಡೆಯ ಕಡೆ ಕೈ ತೋರಿಸಿ, "ಹುಳ," ಎಂದಳು. "ನನ್ನ ಹದ ಮಾಡಿದ್ದು ಹುಳ."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ಕೇಳಿದ್ದಕ್ಕೆ ಉತ್ತರ ಹೇಳಿದಳು ಅಷ್ಟೇ. ಬೆಲ್ಲಕ್ಕೆ ಮಾತ್ರ ನನ್ನ ಕಡೆಗೇ ಬಾಯಿ ತೆರೆದಳು. ಹಾಕಿದೆ.

ಅವ್ವ ತಟ್ಟೆಯಿಂದ ವೀಳ್ಯ ಎತ್ತಿಕೊಂಡಳು. ಅಡಿಕೆ ತೆಗೆದಳು. ಎಲೆಗೆ ಹಚ್ಚಿದ್ದ ಸುಣ್ಣವನ್ನು ಸೆರಗಿನ ತುದಿಯಿಂದ ಒರೆಸಿದಳು, ತಂಬಿಗೆಯ ನೀರಲ್ಲಿ ತೊಳೆದಳು, ಮತ್ತೊಮ್ಮೆ ಒರೆಸಿ ಮೂಗಿಗೆ ಹಿಡಿದು ನೋಡಿದಳು. ಆಮೇಲೆ ಎಲೆಯನ್ನು ನನ್ನ ಕೈಗಿತ್ತು, "ಯಾರಿಗೆ ಸೇರ್ಬೇಕೋ ಅವರಿಗೆ ಕೊಟ್ಟು ಬಾ," ಎಂದಳು. ಊರೆಲ್ಲ ನೋಡುತ್ತಿರಲು ನಾನು ಗೋಡೆಯ ಬುಡದಲ್ಲಿ ಮಂಡಿಯೂರಿ ಎಲೆ ಇಟ್ಟೆ. ಸ್ವಲ್ಪ ಹೊತ್ತಿಗೆ ಒಂದು ಹುಳು ಕೊಂಬು ಹೊರಗೆ ಚಾಚಿತು. ಆಮೇಲೆ ಇನ್ನೊಂದು. ಎಲೆಯ ಅಂಚಿಗೆ ಬಾಯಿ ಹಾಕಿ ತಿನ್ನತೊಡಗಿದವು.

ಮರುದಿನ ಬೆಳಿಗ್ಗೆ ಅಲ್ಲಿ ಎಲೆಯ ನಾರು ಮಾತ್ರ ಉಳಿದಿತ್ತು. ಹುಳುಗಳು ಹತ್ತನೇ ಮನೆಗೆ ಹೋಗಿದ್ದವು. ನಾನು ಇನ್ನೊಂದು ಎಲೆ ತೊಳೆದುಕೊಂಡು ಹಿಂದೆ ಹೋದೆ. ತಂಪುಕೇರಿಯಲ್ಲಿ ಇನ್ನು ಹನ್ನೊಂದು ಮನೆ ಉಳಿದಿವೆ.